ಗುಡ್ಡಕ್ಕೆ ಯಾವ ಲೋಟ ಒಯ್ಯಲಿ ಅಕ್ಕಾ?

ಹೋದ ತಿಂಗಳು ಮಹಾರಾಷ್ಟ್ರದ ಗುಡ್ಡಗಾಡಿನ ಭಂಡಾರದರಾದಲ್ಲಿ ಡೇರೆ ಹಾಕಿದ ಕಥೆ ಬರೆಯುವಾಗ, ಬೆಳಿಗ್ಗೆ ಚಹಾ ಸುರಿದ ಲೋಟ ಹಿಡಿಯಲಾಗದೆ ಎಲ್ಲರೂ ಕೈ ಬದಲಿಸುತ್ತ ಕೂತಿದ್ದೆವು ಅಂತ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ! ಡೇರೆ ಬಗ್ಗೆ ಒಬ್ಬರೂ ಕೇಳಲಿಲ್ಲ, ಮಳೆ ಬಗ್ಗೆ ಕೇಳಲಿಲ್ಲ, ಎಲ್ಲರಿಗೂ ಲೋಟದ್ದೇ ಚಿಂತೆ. ಸರಿ, ಈ ತಿಂಗಳು ಪೂರ್ತಿ ಲೋಟದ್ದೇ ಮಾತು. ಕೆಲವು ಪತ್ರ ಬಹಳ ಉದ್ದ ಇದ್ದವು. ಕತ್ತರಿಸಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಡೊಂಬಿವಲಿಯ ಓದುಗರೊಬ್ಬರು: ಅಕ್ಕಾ, ಡಿಸೆಂಬರಿನಲ್ಲಿ ಮೊದಲ ಸಲ ಕ್ಯಾಂಪಿಂಗ್ ಹೋಗುತ್ತಿದ್ದೇನೆ, ಆಫೀಸಿನ ಐದು ಜನ. ಒಬ್ಬ ಫ್ಲಾಸ್ಕಿನ ಹಾಗೆ ಬಿಸಿ ಹಿಡಿದಿಡುವ ವ್ಯಾಕ್ಯೂಮ್ ಮಗ್ ತಗೋ ಅನ್ನುತ್ತಾನೆ. ಇನ್ನೊಬ್ಬ ಟೈಟಾನಿಯಂ ಬಿಟ್ಟು ಬೇರೆ ಮುಟ್ಟಲೇಬೇಡ ಅನ್ನುತ್ತಾನೆ. ಅಮ್ಮ ಮಾತ್ರ ಮನೆಯ ಸ್ಟೀಲ್ ಲೋಟ ಒಯ್ಯೋ ಸುಮ್ನೆ ಅಂತಾರೆ. ಹತ್ತು ವರ್ಷ ಬಾಳಿಕೆ ಬರುವುದು ಯಾವುದು?

ಉತ್ತರ: ಅಮ್ಮ ಹೇಳಿದ್ದು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲು ನಾನು ಹೇಳುತ್ತೇನೆ.

ಮೊದಲು ಒಂದು ವಿಷಯ ನಿಮಗೆ ನೀವೇ ಕೇಳಿಕೊಳ್ಳಿ. ಚಹಾ ಕೈಗೆ ಬಂದ ಮೇಲೆ ಎಷ್ಟು ಹೊತ್ತಿನಲ್ಲಿ ಕುಡಿದು ಮುಗಿಸುತ್ತೀರಿ? ನಾವು ಮುಂಬೈಯವರು ಸ್ಟೇಷನ್ ಹೊರಗೆ ನಿಂತು ಕಟಿಂಗ್, ಅಂದರೆ ಅರ್ಧ ಲೋಟ ಚಹಾ, ಕುಡಿಯುವವರು, ಲೋಕಲ್ ರೈಲು ತಪ್ಪಿಹೋದೀತು ಅಂತ ಎರಡು ನಿಮಿಷದಲ್ಲಿ ಗಂಟಲಿಗೆ ಇಳಿಸುವವರು, ಅಂಥವರಿಗೆ ಆರು ಗಂಟೆ ಬಿಸಿ ಇಡುವ ಮಗ್ ಯಾಕೆ ಬೇಕು ಹೇಳಿ? ಕುದಿ ಬಂದ ಚಹಾವನ್ನು ವ್ಯಾಕ್ಯೂಮ್ ಮಗ್‌ಗೆ ಸುರಿದು ಮುಚ್ಚಳ ಹಾಕಿದರೆ ಅರ್ಧ ಗಂಟೆ ಕಳೆದರೂ ನಾಲಿಗೆ ಸುಡುತ್ತದೆ. ಗೆಳೆಯರೆಲ್ಲ ಕುಡಿದು ಲೋಟ ತೊಳೆದು ಚೀಲಕ್ಕೆ ಹಾಕಿದ ಮೇಲೂ ನೀವು ಊದುತ್ತ ಕೂತಿರುತ್ತೀರಿ. ಸುಡುಸುಡು ಕುಡಿಯುವುದು ಒಳ್ಳೆಯದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 65 ಡಿಗ್ರಿಗಿಂತ ಬಿಸಿ ಇರುವ ಪಾನೀಯವನ್ನು 2016ರಲ್ಲಿ ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗುವಂಥದ್ದು ಅಂತ ಪಟ್ಟಿ ಮಾಡಿತು.

ಹಾಗಾಗಿ ಬೇಗ ಕುಡಿಯುವವರಿಗೆ ಒಂದೇ ಪದರದ ಸ್ಟೀಲ್ ಮಗ್ ಸಾಕು. ಬಿದ್ದರೆ ನೆಗ್ಗುತ್ತದೆ, ಒಡೆಯುವುದಿಲ್ಲ. ನೆಗ್ಗಿದರೂ ಚಹಾ ಹಿಡಿಯುತ್ತದೆ. ಬೂದಿ, ಮಣ್ಣು ಹಾಕಿ ಉಜ್ಜಬಹುದು. ಅಗತ್ಯ ಬಿದ್ದರೆ ನೇರ ಒಲೆ ಮೇಲೆ ಇಟ್ಟು ನೀರು ಕಾಯಿಸಬಹುದು, ಇದೊಂದು ಗುಣ ವ್ಯಾಕ್ಯೂಮ್ ಮಗ್‌ಗೆ ಇಲ್ಲವೇ ಇಲ್ಲ.

ಅಮ್ಮನ ಲೋಟದಲ್ಲಿ ಇರುವ ಕೊರತೆ ಹಿಡಿಕೆ. ಮನೆಯಲ್ಲಾದರೆ ಸೆರಗಿನಲ್ಲೋ ಟವೆಲಿನಲ್ಲೋ ಹಿಡಿಯುತ್ತೇವೆ. ಗುಡ್ಡದ ಮೇಲೆ ಚಳಿಗೆ ಕೈ ಮರಗಟ್ಟಿರುತ್ತದೆ, ಬಿಸಿ ಎಷ್ಟಿದೆ ಅಂತ ಗೊತ್ತಾಗುವುದೇ ಚಹಾ ಮಡಿಲಿಗೆ ಬಿದ್ದ ಮೇಲೆ. ಅದಕ್ಕೆ ಹಿಡಿಕೆ ಇರುವ ಮಗ್ ಬೇಕು. 300 ಮಿಲಿ ಹಿಡಿಸುವಂಥದ್ದಿರಲಿ. ಅರ್ಧ ತುಂಬಿಸಿದರೆ ಚಹಾ, ಪೂರ್ತಿ ತುಂಬಿಸಿದರೆ ರಾತ್ರಿಯ ಸೂಪ್.

ಮುಂಬೈಯ ಪಾಯಧುನಿ ಹತ್ತಿರ ತಾಂಬಾಕಾಟಾದ ಪಾತ್ರೆ ಅಂಗಡಿಗಳಿಗೆ ಒಂದು ಶನಿವಾರ ಹೋಗಿ. ಆನ್‌ಲೈನಿನಲ್ಲಿ ಫೋಟೋ ನೋಡಿ ಲೋಟ ಕೊಳ್ಳುವುದು ಫೋಟೋ ನೋಡಿ ಹಲಸಿನ ಹಣ್ಣು ಕೊಂಡ ಹಾಗೆ. ಮಗ್ ಕೈಗೆ ತಗೊಂಡು ಹೆಬ್ಬೆರಳನ್ನು ಕಂಠದ ಹೊರಗೆ, ಅಂಚಿನ ಕೆಳಗೆ ಒಂದು ಸುತ್ತು ಆಡಿಸಿ. ಅಂಚು ಹೊರಕ್ಕೆ ಸುರುಳಿ ಸುತ್ತಿ ಪೂರ್ತಿ ಮುಚ್ಚಿಕೊಂಡಿದ್ದರೆ ಬೆರಳು ಜಾರಿಕೊಂಡು ಹೋಗುತ್ತದೆ. ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ಆ ಸಂದಿಯಲ್ಲಿ ಹಾಲಿನ ಕೊಳೆ ಕೂತುಕೊಳ್ಳುತ್ತದೆ, ಆ ಮಗ್ ವಾಪಸ್ ಇಡಿ. ಆಮೇಲೆ ಹಿಡಿಕೆ ಹಿಡಿದು ಮಗ್‌ ತಿರುಚಲು ನೋಡಿ. ಬರೀ ಎರಡು ಚುಕ್ಕೆ ವೆಲ್ಡಿಂಗ್ ಹಾಕಿ ಅಂಟಿಸಿದ ಹಿಡಿಕೆ ತುಸುವಾದರೂ ಕೀಚಲು ಸದ್ದು ಮಾಡುತ್ತದೆ. ಮೇಲೆ ಎರಡು, ಕೆಳಗೆ ಎರಡು ಚುಕ್ಕೆ ಇದ್ದರೆ, ಅಥವಾ ರಿವೆಟ್ ಹೊಡೆದಿದ್ದರೆ ನಂಬಬಹುದು. ಅಂಗಡಿಯವ ಗೇಜ್ ಹೇಳಿದರೆ ನೆನಪಿಡಿ, ನಂಬರ್ ಜಾಸ್ತಿ ಆದಷ್ಟೂ ತಗಡು ತೆಳು. 22 ಗೇಜಿನದು 26ಕ್ಕಿಂತ ಗಟ್ಟಿ.

ಕೆಲವರು ಅಯಸ್ಕಾಂತ ಹಿಡಿದು ಬರುತ್ತಾರೆ. ಅದರಿಂದ ಅರ್ಧವೇ ಗೊತ್ತಾಗುವುದು. 304 ನಂಬರಿನ ಸ್ಟೀಲ್‌ನಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ, ಅಯಸ್ಕಾಂತ ಅಷ್ಟಾಗಿ ಹಿಡಿಯುವುದಿಲ್ಲ. ಆದರೆ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿದ ಅಗ್ಗದ 202 ಕೂಡ ಹಿಡಿಯುವುದಿಲ್ಲ. ಒಳ್ಳೆ 304ರ ಮಗ್ಗೇ ಅಂಚು ಬಗ್ಗಿಸಿದ ಕಡೆ ಸ್ವಲ್ಪ ಎಳೆಯುವುದುಂಟು. ಹಾಗಾಗಿ ತಳದಲ್ಲಿ 304 ಅಂತ ಅಚ್ಚು ಇದೆಯಾ ನೋಡಿ, ಬಿಲ್ಲಿನಲ್ಲೂ ಬರೆಸಿಕೊಳ್ಳಿ.

ಟೈಟಾನಿಯಂ ಬಗ್ಗೆ ನಿಮ್ಮ ಗೆಳೆಯ ಹೇಳಿದ್ದು ಸುಳ್ಳಲ್ಲ. ಅದೇ ಅಳತೆ, ಅದೇ ದಪ್ಪದ ಸ್ಟೀಲ್ ಮಗ್‌ಗೆ ಹೋಲಿಸಿದರೆ ತೂಕ ಅರ್ಧಕ್ಕಿಂತ ತುಸು ಜಾಸ್ತಿ ಅಷ್ಟೇ. ತುಕ್ಕು ಹಿಡಿಯುವುದಿಲ್ಲ, ರುಚಿ ಕೆಡಿಸುವುದಿಲ್ಲ. ಆದರೆ ಸಾವಿರಗಟ್ಟಲೆ ಬೆಲೆ. ಹತ್ತು ದಿನದ ಹಿಮಾಲಯ ಚಾರಣಕ್ಕೆ ಪ್ರತಿ ಗ್ರಾಂ ಲೆಕ್ಕ ಹಾಕುವವರು ಕೊಳ್ಳಲಿ. ಭಂಡಾರದರಾಕ್ಕೆ ಕಾರಿನಲ್ಲಿ ಹೋಗಿ, ಡಿಕ್ಕಿಯಿಂದ ಕೋಳಿ, ಇದ್ದಿಲು, ಸ್ಪೀಕರ್ ಎಲ್ಲ ಇಳಿಸಿ ಆಮೇಲೆ ಲೋಟದ ಎಪ್ಪತ್ತು ಗ್ರಾಂ ಉಳಿಸಿದರೆ ಏನು ಬಂತು? ಅಲ್ಯೂಮಿನಿಯಂ ಬೇಡವೇ ಬೇಡ. ಅದು ಸ್ಟೀಲಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಚುರುಕಾಗಿ ಶಾಖ ದಾಟಿಸುತ್ತದೆ, ತುಟಿ ಇಟ್ಟ ಕೂಡಲೇ ಚುರ್ ಅನ್ನುತ್ತದೆ. ಲಿಂಬು ಚಹಾ, ಮುರುಗಲು ಸಾರು ಹಾಕಿದರೆ ಲೋಹದ ರುಚಿಯೂ ಬರುತ್ತದೆ.

ಸ್ಟೀಲ್ ಮಗ್ ಕೈ ಸುಡುತ್ತದೆ ಅನ್ನುವುದಕ್ಕೆ ನನ್ನ ಉಪಾಯ ಪಂಕ್ಚರ್ ಅಂಗಡಿಯದ್ದು. ಸ್ಕೂಟರಿನ ಹಳೆ ಟ್ಯೂಬ್ ಕೇಳಿದರೆ ಸುಮ್ನೆ ಕೊಡುತ್ತಾರೆ. ನಾಲ್ಕು ಬೆರಳು ಅಗಲದ ಬಳೆ ಕತ್ತರಿಸಿ, ಸೋಡಾ ಪುಡಿ ಹಾಕಿದ ನೀರಿನಲ್ಲಿ ಕುದಿಸಿ, ಎರಡು ದಿನ ಬಿಸಿಲಿಗೆ ಹಾಕಿ. ವಾಸನೆ ಹೋದ ಮೇಲೆ ಹಿಡಿಕೆ ಇಲ್ಲದ ಲೋಟಕ್ಕೆ ತಳದಿಂದ ಏರಿಸಿದರೆ ಬಿಗಿಯಾಗಿ ಕೂರುತ್ತದೆ. ಅಮ್ಮನ ಲೋಟ ಒಯ್ಯುವುದೇ ಆದರೆ ಹೀಗೆ ಮಾಡಿ. ಒಲೆಗೆ ಇಡುವ ಮೊದಲು ತೆಗೆಯುವುದು ಮರೀಬೇಡಿ, ನಮ್ಮ ಗುಂಪಿನಲ್ಲಿ ಒಬ್ಬರು ಮರೆತು ಇಡೀ ಡೇರೆಗೆ ಟಯರ್ ಸುಟ್ಟ ವಾಸನೆ ಹಿಡಿಸಿದ್ದರು.

ಮಡಗಾಂವ್, ಗೋವಾದಿಂದ: ಬೀಚಿಗೆ, ಪಿಕ್‌ನಿಕ್‌ಗೆ ಅಂತ ಡಬಲ್ ವಾಲ್ ಸ್ಟೀಲ್ ಕಪ್ ಆರು ತಂದಿದ್ದೆವು. ಒಂದೂವರೆ ವರ್ಷಕ್ಕೆ ಕಂದು ಚುಕ್ಕೆ ಬಂದಿದೆ. ಎರಡು ಕಪ್ ಅಲ್ಲಾಡಿಸಿದರೆ ಒಳಗೆ ಗುಳುಗುಳು ಅಂತ ನೀರಿನ ಸದ್ದು. ಸ್ಟೀಲಿಗೂ ತುಕ್ಕು ಹಿಡಿಯುತ್ತಾ? ಈ ನೀರು ತೆಗೆಯುವುದು ಹೇಗೆ?

ಉತ್ತರ: ಹಿಡಿಯುತ್ತದೆ. ಸ್ಟೀಲಿನ ಮೈಮೇಲೆ ಕ್ರೋಮಿಯಂನಿಂದಾದ ಕಣ್ಣಿಗೆ ಕಾಣದ ಒಂದು ತೆಳು ಪೊರೆ ಇರುತ್ತದೆ, ಅದೇ ತುಕ್ಕು ತಡೆಯುವುದು. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಚುಚ್ಚಿ ಸಣ್ಣ ಗುಳಿ ಮಾಡುತ್ತದೆ. ನಿಮ್ಮಲ್ಲಿ ಗಾಳಿಯಲ್ಲೇ ಉಪ್ಪು. ಬೀಚಿನಲ್ಲಿ ಕುಡಿದ ಕಪ್ಪನ್ನು ಸಮುದ್ರದ ನೀರಿನಲ್ಲೇ ಜಾಲಾಡಿಸಿ ಚೀಲಕ್ಕೆ ಹಾಕಿದರೆ ಕಥೆ ಮುಗಿಯಿತು. ಅಗ್ಗದ 202 ಆದರೆ ಇನ್ನೂ ಬೇಗ. ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ ಒಣಗಿಸಿಡಿ. ಬಿಳಿ ಬಟ್ಟೆಗೆ ಹಾಕುವ ಬ್ಲೀಚ್‌ನಲ್ಲಿ ಯಾವತ್ತೂ ನೆನೆಸಬೇಡಿ, ಅದರಲ್ಲೂ ಕ್ಲೋರಿನ್ ಇದೆ. ಕಬ್ಬಿಣದ ನಾರಿನಿಂದ ಉಜ್ಜಿದರೆ ಅದರ ಚೂರು ಉಳಿದುಕೊಂಡೂ ಕಂದು ಚುಕ್ಕೆ ಬರುತ್ತದೆ. ಹಾಗೆ ಬಂದಿದ್ದರೆ ಲಿಂಬೆ ಹೋಳಿಗೆ ಸೋಡಾ ಪುಡಿ ಹಚ್ಚಿ ತಿಕ್ಕಿದರೆ ಹೋಗುತ್ತದೆ. ಉಗುರಿಗೆ ಗುಳಿ ಸಿಕ್ಕಿದರೆ ಹೋಗುವುದಿಲ್ಲ. ಮಾಲಿಬ್ಡಿನಂ ಸೇರಿಸಿದ 316 ಅನ್ನುವ ಸ್ಟೀಲ್ ಇದೆ, ಹಡಗಿನ ಸಾಮಾನಿಗೆ ಬಳಸುವುದು. ಅದರ ಕಪ್ಪೂ ಸಿಗುತ್ತದೆ, ದುಬಾರಿ. ಆರು ಕಪ್ಪಿಗೆ ಅಷ್ಟು ಸುರಿಯುವ ಬದಲು ಒರೆಸುವ ಅಭ್ಯಾಸ ಮಾಡಿಕೊಳ್ಳುವುದು ವಾಸಿ.

ಈಗ ಗುಳುಗುಳು ಸದ್ದು. ಡಬಲ್ ವಾಲ್ ಅಂದರೆಲ್ಲ ವ್ಯಾಕ್ಯೂಮ್ ಅಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಅಗ್ಗದ ಕಪ್‌ಗಳಲ್ಲಿ ಎರಡು ಪದರದ ನಡುವೆ ಬರೀ ಗಾಳಿ ಇರುತ್ತದೆ, ಮೇಲೆ ಕಂಠದ ಹತ್ತಿರ ಒತ್ತಿ ಮುಚ್ಚಿರುತ್ತಾರೆ. ತೊಳೆಯುವಾಗ ಬಿಸಿನೀರು, ತಣ್ಣೀರು ಬಿದ್ದು ಬಿದ್ದು ಆ ಜೋಡಣೆ ಸಡಿಲಾಗುತ್ತದೆ, ನೀರು ಎಳೆದುಕೊಳ್ಳುತ್ತದೆ. ವ್ಯಾಕ್ಯೂಮ್ ಅಂದರೆ ನಡುವಿನ ಗಾಳಿಯನ್ನೇ ತೆಗೆದು ಬೆಸೆದದ್ದು. 1892ರಲ್ಲಿ ಜೇಮ್ಸ್ ಡ್ಯೂವರ್ ಅನ್ನುವ ವಿಜ್ಞಾನಿ ಪ್ರಯೋಗಾಲಯದಲ್ಲಿ ದ್ರವವಾಗಿಸಿದ ಅನಿಲವನ್ನು ತಣ್ಣಗೆ ಇಡಲು ಮಾಡಿಕೊಂಡ ಉಪಾಯ ಅದು. ತಣ್ಣಗಿಡಲು ಮಾಡಿದ್ದರಲ್ಲಿ ನಾವು ಬಿಸಿ ಚಹಾ ಹಾಕಿಕೊಂಡೆವು. ನಿಮ್ಮ ಕಪ್ ಯಾವ ಜಾತಿ ಅಂತ ತಿಳಿಯಬೇಕಾದರೆ ಕುದಿಯುವ ನೀರು ತುಂಬಿಸಿ ಐದು ನಿಮಿಷ ಬಿಟ್ಟು ಹೊರಮೈ ಮುಟ್ಟಿ. ಕಂಠದ ಹತ್ತಿರ ಬಿಟ್ಟು ಬೇರೆಲ್ಲೂ ಬಿಸಿ ತಾಗದಿದ್ದರೆ ವ್ಯಾಕ್ಯೂಮ್ ಸರಿ ಇದೆ. ಪೂರ್ತಿ ಬಿಸಿಯಾದರೆ ಬರೀ ಗಾಳಿಯದು, ಅಥವಾ ವ್ಯಾಕ್ಯೂಮ್ ಸೋರಿ ಹೋಗಿದೆ.

ಒಳಗೆ ಸೇರಿದ ನೀರು ತೆಗೆಯಲು ಕಪ್ ಒಲೆ ಮೇಲೆ ಇಡೋಣ ಅಂತ ನಿಮಗೆ ಅನ್ನಿಸಬಹುದು. ದಯವಿಟ್ಟು ಬೇಡ. ನಾನು ಮಾಡಿ ನೋಡಿದವಳು. ಹರಿಶ್ಚಂದ್ರಗಡದ ಮೇಲೆ ರಾತ್ರಿ, ಕಪ್ಪಿನಲ್ಲಿ ಉಳಿದಿದ್ದ ಅರ್ಧ ಕಷಾಯ ಬಿಸಿ ಮಾಡೋಣ ಅಂತ ಅಂಥದೇ ಒಂದು ಕಪ್ಪನ್ನು ಸಣ್ಣ ಗ್ಯಾಸ್ ಒಲೆ ಮೇಲೆ ಇಟ್ಟೆ. ಒಳಗೆ ನೀರು ಸೇರಿದ್ದು ಗೊತ್ತಿರಲಿಲ್ಲ. ಮೊದಲು ಟಿಕ್ ಟಿಕ್ ಅಂತು. ನಾನು ಕುದಿ ಬರ್ತಾ ಇದೆ ಅಂದುಕೊಂಡೆ. ಆಮೇಲೆ ಢಬ್ ಅಂತ ತಳ ಉಬ್ಬಿ ಕಪ್ ಹಾರಿ ನನ್ನ ಬೂಟಿನ ಮೇಲೆ ಬಿತ್ತು, ಕಷಾಯ ಪಕ್ಕದವರ ಸ್ಲೀಪಿಂಗ್ ಬ್ಯಾಗಿಗೆ. ಎರಡು ಪದರದ ನಡುವಿನ ನೀರು ಹಬೆಯಾದರೆ ಹೊರಗೆ ಬರಲು ದಾರಿ ಇರುವುದಿಲ್ಲ, ಪುಟ್ಟ ಬಾಂಬೇ ಅದು. ಮುಖ ಹತ್ತಿರ ಇರಲಿಲ್ಲ, ಪುಣ್ಯ. ವ್ಯಾಕ್ಯೂಮ್ ಇರಲಿ, ಗಾಳಿಯದಿರಲಿ, ಎರಡು ಪದರದ್ದು ಯಾವುದನ್ನೂ ಬೆಂಕಿಗೆ ತೋರಿಸಬೇಡಿ. ಆ ಎರಡು ಕಪ್ಪನ್ನು ಪೆನ್ನು ಇಡಲು ಬಳಸಿ. ಒಳಗೆ ನಿಂತ ನೀರು ಕೊಳೆತು ಕಂಠದಿಂದ ಜಿನುಗುತ್ತದೆ, ಕುಡಿಯಲು ಬೇಡ.

ಪುಣೆ, ಕೋಥರೂಡ್‌ನಿಂದ ಒಬ್ಬ ತಾಯಿ: ಆರು ಮತ್ತು ಒಂಬತ್ತು ವರ್ಷದ ಮಕ್ಕಳನ್ನು ಕರೆದುಕೊಂಡು ಲೋಹಗಡ ಕಡೆ ಒಂದು ರಾತ್ರಿ ಕ್ಯಾಂಪ್ ಹೋಗಬೇಕು. ಪ್ರದರ್ಶನದಲ್ಲಿ ಬಿದಿರಿನ ನಾರಿನ ಬಣ್ಣದ ಕಪ್ ನೋಡಿದೆ, ಪ್ಲಾಸ್ಟಿಕ್ ಅಲ್ಲ, ಪರಿಸರಸ್ನೇಹಿ ಅಂದರು. ಬಿಸಿ ಹಾಲಿಗೆ ಆಗುತ್ತಾ?

ಉತ್ತರ: ಬಿಸಿ ಹಾಲಿಗೆ ಬೇಡ. ಬಿದಿರಿನ ಪುಡಿ ತಾನಾಗಿ ಕಪ್ಪಿನ ಆಕಾರದಲ್ಲಿ ನಿಲ್ಲುವುದಿಲ್ಲ ಅಲ್ವಾ? ಅದನ್ನು ಅಂಟಿಸಿ ಹಿಡಿಯುವುದು ಹೆಚ್ಚಾಗಿ ಮೆಲಮೈನ್ ಅಂಟು. ಬಿಸಿ ಬಿದ್ದಾಗ ಅದರಿಂದ ಮೆಲಮೈನ್, ಫಾರ್ಮಾಲ್ಡಿಹೈಡ್ ಸ್ವಲ್ಪ ಸ್ವಲ್ಪ ಬಿಡುತ್ತದೆ. ಮೆಲಮೈನ್ ಪಾತ್ರೆಯನ್ನು 70 ಡಿಗ್ರಿಗಿಂತ ಬಿಸಿ ಪದಾರ್ಥಕ್ಕೆ ಬಳಸಬೇಡಿ ಅಂತ ಜರ್ಮನಿಯ ಸರ್ಕಾರಿ ಸಂಸ್ಥೆ ಹೇಳಿದೆ, ಬಿದಿರು ಬೆರೆಸಿದ್ದರಿಂದ ಇನ್ನೂ ಜಾಸ್ತಿ ಬಿಡುತ್ತದೆ ಅಂತಲೂ ಹೇಳಿದೆ. ತಣ್ಣನೆ ಮಜ್ಜಿಗೆಗೆ ಇಟ್ಟುಕೊಳ್ಳಿ. ಪೊಳ್ಳು ಬಿದಿರು ಕತ್ತರಿಸಿ ಮಾಡಿದ ಲೋಟ ಬೇರೆ, ಅದರ ತಂಟೆ ಇಲ್ಲ.

ಮಕ್ಕಳಿಗೆ ಸಣ್ಣ ಡಬಲ್ ವಾಲ್ ಸ್ಟೀಲ್ ಕಪ್ಪೇ ಒಳ್ಳೆಯದು, 150 ಮಿಲಿ ಅಷ್ಟು. ಇಲ್ಲಿ ಮಾತ್ರ ನಾನು ಒಂದು ಪದರದ್ದು ಬೇಡ ಅನ್ನುತ್ತೇನೆ, ಮಕ್ಕಳು ಹಿಡಿಕೆ ಬಿಟ್ಟು ಎರಡೂ ಕೈಯಲ್ಲಿ ತಬ್ಬಿ ಹಿಡಿಯುತ್ತವೆ. ತಳ ಅಗಲ ಇರಲಿ, ಡೇರೆಯೊಳಗೆ ನೆಲ ಎಲ್ಲೂ ಸಮ ಇರುವುದಿಲ್ಲ. ಈ ಕಪ್‌ಗಳಲ್ಲಿ ಒಂದು ಮೋಸವಿದೆ. ಹೊರಗೆ ತಣ್ಣಗಿರುವುದರಿಂದ ಒಳಗಿನ ಹಾಲೂ ಆರಿದೆ ಅಂತ ಮಕ್ಕಳು ಗಟಕ್ ಅಂತ ಕುಡಿದುಬಿಡುತ್ತಾರೆ. ಹಾಲನ್ನು ಪಾತ್ರೆಯಲ್ಲೇ ಆರಿಸಿ, ನೀವು ಒಂದು ಗುಟುಕು ನೋಡಿ, ಆಮೇಲೆ ಸುರಿಯಿರಿ. ಪ್ಲಾಸ್ಟಿಕ್ಕೇ ಬೇಕು ಅಂದರೆ ತಳದ ತ್ರಿಕೋನದಲ್ಲಿ 5 ಅಂತ ಇರುವ ಪಾಲಿಪ್ರೊಪಿಲೀನ್ ನೋಡಿ, ಅದು ಬಿಸಿ ತಡೆಯುತ್ತದೆ. ಒಳಮೈ ಗೀರುಬಿದ್ದ ಮೇಲೆ ಎಸೆಯಿರಿ. ತುಳಶೀಬಾಗ್‌ನಲ್ಲಿ ಒಂದು ಸುತ್ತು ಹಾಕಿದರೆ ಎಲ್ಲ ಸಿಗುತ್ತದೆ, ನಿಮಗೆ ನಾನು ಹೇಳಬೇಕಾ?

ಮಾಟುಂಗಾದ ಹಿರಿಯರೊಬ್ಬರು: ಮಗಳೇ, ನಾನೂ ನನ್ನ ಮನೆಯವರೂ ಮತ್ಸ್ಯಗಂಧಾ ರೈಲಿನಲ್ಲಿ ಉಡುಪಿಗೆ ಹೋಗಿ ಅಲ್ಲಿಂದ ಕೊಲ್ಲೂರು, ಧರ್ಮಸ್ಥಳ, ಸುಬ್ರಹ್ಮಣ್ಯ ಮುಗಿಸಿ ಬರುವವರಿದ್ದೇವೆ. ನನಗೆ ಕಾಫಿ ಹಿತ್ತಾಳೆಯ ಲೋಟ-ಡವರಾದಲ್ಲೇ ಆಗಬೇಕು. ಮನೆಯವಳು ಹೊರೆ ಯಾಕೆ ಅನ್ನುತ್ತಾಳೆ. ನೀನೇ ತೀರ್ಪು ಕೊಡು.

ಉತ್ತರ: ನಮಸ್ಕಾರ. ಇಬ್ಬರ ನಡುವೆ ತೀರ್ಪು ಕೊಡುವಷ್ಟು ದೊಡ್ಡವಳಲ್ಲ ನಾನು, ಆದರೆ ಡವರಾ ಪರವಾಗಿ ಎರಡು ಮಾತು ಹೇಳಬಹುದು. ಅಷ್ಟು ಚುರುಕಾಗಿ ಕಾಫಿ ಆರಿಸುವ ಉಪಾಯ ಬೇರೆ ಯಾವ ಮಗ್‌ನಲ್ಲೂ ಇಲ್ಲ. ಎರಡು ಸಲ ಎತ್ತಿ ಹೊಯ್ದರೆ ಕುಡಿಯುವ ಹದ. ರೈಲಿನಲ್ಲಿ ತುಳುಕಿದ್ದೂ ಡವರಾದಲ್ಲೇ ಉಳಿಯುತ್ತದೆ, ಪಂಚೆಗೆ ಬೀಳುವುದಿಲ್ಲ. ಆದರೆ ಓಡುವ ರೈಲಿನಲ್ಲಿ ಒಂದು ಮೊಳ ಎತ್ತಿ ಹೊಯ್ಯುವ ಸಾಹಸ ಬೇಡ, ಎದುರಿನ ಬರ್ತಿನವರು ಎದ್ದು ನಿಂತಾರು.

ಹೊರಡುವ ಮೊದಲು ಲೋಟದ ಒಳಗೆ ನೋಡಿ. ಬೆಳ್ಳಗೆ ಕಂಡರೆ ಕಲಾಯಿ, ಅಂದರೆ ತವರದ ಲೇಪ, ಇದೆ. ಹಳದಿ ಕಂಡರೆ ಕಲಾಯಿ ಹೋಗಿದೆ, ಅದರಲ್ಲಿ ಕಾಫಿ ಬೇಡ, ಲಿಂಬು ಚಹಾ ಅಂತೂ ಬೇಡವೇ ಬೇಡ. ಹುಳಿ ತಾಗಿದರೆ ಹಿತ್ತಾಳೆಯ ತಾಮ್ರ ಬಿಡುತ್ತದೆ. ಮುಂಬೈಯಲ್ಲಿ ಈಗ ಕಲಾಯಿಯವರು ಬೀದಿಯಲ್ಲಿ ಕೂಗಿಕೊಂಡು ಬರುವುದು ಅಪರೂಪ. ಪುಣೆ ಕಡೆ ಹೋಗುವುದಿದ್ದರೆ ಕಸಬಾ ಪೇಟೆಯ ತಾಂಬಟ್ ಆಳಿಯಲ್ಲಿ ತಾಮ್ರದ ಕೆಲಸದವರು ಇನ್ನೂ ಇದ್ದಾರೆ, ಅಲ್ಲಿ ವಿಚಾರಿಸಿ. ಕಲಾಯಿ ಹಾಕಿಸಿದ ಲೋಟವನ್ನು ಖಾಲಿ ಒಲೆ ಮೇಲೆ ಇಡಬಾರದು, ತವರ 232 ಡಿಗ್ರಿಗೇ ಕರಗುತ್ತದೆ. ಹೊರೆಯ ಮಾತಿಗೆ ಬಂದರೆ ಮನೆಯವರು ಹೇಳುವುದೂ ನ್ಯಾಯವೇ. ಒಂದೇ ಜೋಡಿ ಒಯ್ಯಿರಿ, ಲೋಟದಲ್ಲಿ ಅವರು, ಡವರಾದಲ್ಲಿ ನೀವು.

ವಾಶಿಯಿಂದ ಬೈಕ್ ಸವಾರರು: ಆಗಸ್ಟಿನಲ್ಲಿ ಲೇಹ್‌ಗೆ ಹೋಗುತ್ತಿದ್ದೇವೆ. ಹೋಗಿ ಬಂದವರೆಲ್ಲ ಅಲ್ಲಿ ಚಹಾ ಬೇಗ ತಣ್ಣಗಾಗುತ್ತೆ ಅಂತಾರೆ. ಲೋಟದ ದೋಷವಾ?

ಉತ್ತರ: ಲೋಟದ್ದಲ್ಲ, ಊರಿನದು. ಎತ್ತರ ಏರಿದಂತೆ ಸುಮಾರು ಪ್ರತಿ 300 ಮೀಟರಿಗೆ ಒಂದು ಡಿಗ್ರಿ ಕಡಿಮೆಯಲ್ಲೇ ನೀರು ಕುದಿಯುತ್ತದೆ. ಲೇಹ್ ಸುಮಾರು 3500 ಮೀಟರ್ ಎತ್ತರದಲ್ಲಿದೆ, ಅಲ್ಲಿ 88ರ ಹತ್ತಿರವೇ ಕುದಿ ಬರುತ್ತದೆ. 5359 ಮೀಟರಿನ ಖರ್ದುಂಗ್ ಲಾ ಘಾಟಿಯಲ್ಲಿ 82-83. ಕೊತಕೊತ ಕುದಿಯುತ್ತಿದ್ದರೂ ಚಹಾ ನಮ್ಮೂರಿನಷ್ಟು ಬಿಸಿ ಇರುವುದಿಲ್ಲ, ಮೇಲಿಂದ ಗಾಳಿ ಬೇರೆ. ನಮ್ಮ ಮಹಾರಾಷ್ಟ್ರದ ಕಳಸೂಬಾಯಿ ಶಿಖರ 1646 ಮೀಟರ್, ಅಲ್ಲಿ ಐದು ಡಿಗ್ರಿ ಅಷ್ಟೇ ವ್ಯತ್ಯಾಸ, ಗೊತ್ತೇ ಆಗುವುದಿಲ್ಲ.

ನಿಮಗೆ ವ್ಯಾಕ್ಯೂಮ್ ಮಗ್ ತಗೊಳ್ಳಿ, ಕಾಸಿಗೆ ಮೋಸವಿಲ್ಲ. ಮುಚ್ಚಳ ಇರಲೇಬೇಕು, ಯಾಕೆಂದರೆ ತೆರೆದ ಲೋಟದಲ್ಲಿ ಬಿಸಿ ಜಾಸ್ತಿ ಓಡಿಹೋಗುವುದು ಮೇಲಿನಿಂದ, ಹಬೆಯಾಗಿ. ಗೋಡೆ ಎಷ್ಟೇ ದಪ್ಪ ಇದ್ದು ಬಾಯಿ ತೆರೆದಿದ್ದರೆ ಏನೂ ಉಪಯೋಗವಿಲ್ಲ. ಸ್ಟೀಲ್ ಲೋಟಕ್ಕೂ ಒಂದು ಪುಟ್ಟ ತಟ್ಟೆ ಮುಚ್ಚಿ ನೋಡಿ, ವ್ಯತ್ಯಾಸ ತಿಳಿಯುತ್ತದೆ. ಫ್ಲಾಸ್ಕಿನಲ್ಲಿ ಹಾಲು ಹಾಕಿದ ಚಹಾ ನಾಲ್ಕು ಗಂಟೆಗಿಂತ ಹೆಚ್ಚು ಇಡಬೇಡಿ, ಬೆಚ್ಚಗಿನ ಹಾಲಿನಲ್ಲಿ ರೋಗಾಣು ಬೆಳೆಯುತ್ತವೆ. ಕಪ್ಪು ಚಹಾ ತುಂಬಿಸಿ, ಹಾಲಿನ ಪುಡಿ ಬೇರೆ ಒಯ್ಯಿರಿ. ಬೈಕಿನ ಚೀಲದಲ್ಲಿ ಮಗ್ ಒಳಗೆ ಒಂದು ಜೊತೆ ಕಾಲುಚೀಲ ತುರುಕಿ, ಹೊರಗೆ ಇನ್ನೊಂದು ಸುತ್ತಿ. ಕಡಕಡ ಸದ್ದೂ ಇಲ್ಲ, ಜಾಗವೂ ಉಳಿಯಿತು. ಒಗೆದ ಕಾಲುಚೀಲ, ಹೇಳಬೇಕಾಗಿಲ್ಲ.

ಠಾಣೆಯಿಂದ ಚಾರಣ ತಂಡದ ಒಬ್ಬರು: ಪ್ರತಿ ತಿಂಗಳು 30 ಜನರನ್ನು ಕರೆದುಕೊಂಡು ಹೋಗುತ್ತೇವೆ. ಎಲ್ಲರೂ ಲೋಟ ತರುವುದು ಕಷ್ಟ, ಕಾಗದದ ಕಪ್ ಒಯ್ಯುತ್ತೇವೆ. ಕಾಗದ ತಾನೇ, ಮಣ್ಣಿಗೆ ಸೇರುತ್ತದೆ. ಇದರಲ್ಲಿ ತಪ್ಪೇನು?

ಉತ್ತರ: ಬರೀ ಕಾಗದ ಆಗಿದ್ದರೆ ಚಹಾ ಸುರಿದ ಕೂಡಲೇ ಮೆತ್ತಗಾಗಿ ಹರಿಯಬೇಕಿತ್ತು. ಹರಿಯುವುದಿಲ್ಲ, ಯಾಕೆಂದರೆ ಒಳಗೆ ಸಾಮಾನ್ಯವಾಗಿ ತೆಳ್ಳಗಿನ ಪ್ಲಾಸ್ಟಿಕ್ ಪದರ ಇರುತ್ತದೆ. ಒಂದು ಕಪ್ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ನಿಧಾನ ಸುಲಿಯಿರಿ, ಹಾಲಿನ ಕೆನೆಯ ಹಾಗೆ ಬೇರೆಯಾಗಿ ಬರುತ್ತದೆ. ಖರಗ್‌ಪುರದ ಐಐಟಿಯವರು 2020ರಲ್ಲಿ ನೋಡಿದ್ದೇನೆಂದರೆ, ಇಂಥ ಕಪ್ಪಿನಲ್ಲಿ 100 ಮಿಲಿ ಬಿಸಿನೀರು 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣ ಅದರಲ್ಲಿ ಸೇರುತ್ತವೆ. ನಾವು 15 ನಿಮಿಷ ಇಟ್ಟುಕೊಳ್ಳುವುದಿಲ್ಲ ನಿಜ. ಆದರೂ ಅಷ್ಟು ದೂರ ಒಳ್ಳೆ ಗಾಳಿ ಕುಡಿಯಲು ಹೋಗಿ ಪ್ಲಾಸ್ಟಿಕ್ ಯಾಕೆ ಕುಡಿಯಬೇಕು? ಪ್ಲಾಸ್ಟಿಕ್ ಲೋಟವಂತೂ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ, ಮಹಾರಾಷ್ಟ್ರದಲ್ಲಿ 2018ರಿಂದಲೇ. ಅದಕ್ಕೆ ಎಲ್ಲರೂ ಕಾಗದಕ್ಕೆ ಬಂದರು. ಮಳೆಗಾಲ ಮುಗಿದ ಮೇಲೆ ಕಳಸೂಬಾಯಿಯ ಕಬ್ಬಿಣದ ಏಣಿಗಳ ಪಕ್ಕ ಪೊದೆಗಳಲ್ಲಿ ಒಮ್ಮೆ ಇಣುಕಿ ನೋಡಿ. ಕಾಗದ ಹೋಗಿ ಪದರ ಮಾತ್ರ ಉಳಿದ ಕಪ್ ಕೈಗೆ ಸಿಗುತ್ತದೆ.

30 ಜನ ಲೋಟ ತರುವುದು ಕಷ್ಟ ಅನ್ನುವುದನ್ನು ನಾನು ಒಪ್ಪುವುದಿಲ್ಲ. 30 ಜನ ಮೊಬೈಲ್ ತರುತ್ತಾರೆ, ಅದರ ಪವರ್ ಬ್ಯಾಂಕೂ ತರುತ್ತಾರೆ. ಬರುವವರಿಗೆ ಕಳಿಸುವ ಸಾಮಾನಿನ ಪಟ್ಟಿಯಲ್ಲಿ ಲೋಟ ಅಂತ ಮೊದಲು ಬರೆಯಿರಿ, ಬೂಟಿಗಿಂತ ಮೇಲೆ. ಮರೆತು ಬಂದವರಿಗೆ ಅಂತ ಒಂದರೊಳಗೊಂದು ಕೂರುವ ಸಣ್ಣ ಸ್ಟೀಲ್ ಲೋಟ ನಾಲ್ಕು ನಿಮ್ಮ ಚೀಲದಲ್ಲಿರಲಿ. ಗುಡ್ಡದ ಮೇಲೆ ಚಹಾ ಮಾರುವ ಹಳ್ಳಿಯವರ ಹತ್ತಿರ ಸ್ವಂತ ಲೋಟ ಚಾಚಿದರೆ ಅವರಿಗೂ ಕಪ್ಪಿನ ಖರ್ಚು ಉಳಿಯುತ್ತದೆ. ನನ್ನ ಲೋಟ ಸ್ವಲ್ಪ ದೊಡ್ಡದು, ಹಾಗಾಗಿ ಎರಡು ಗುಟುಕು ಜಾಸ್ತಿಯೇ ಬೀಳುತ್ತದೆ, ಇದನ್ನು ಯಾರಿಗೂ ಹೇಳಬೇಡಿ.

ಯಾರ ಲೋಟ ಯಾವುದು ಅನ್ನುವ ಗಲಾಟೆಗೆ ನಮ್ಮ ಹಳೆಯ ದಾರಿಯೇ ಇದೆ, ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಸುವುದು. ನನ್ನ ಲೋಟದ ಮೇಲೆ ಹೊನ್ನಾವರದ ಅಂಗಡಿಯವ ಟರ್ ಟರ್ ಅಂತ ಮಷಿನ್ ಹಿಡಿದು ಕೊರೆದ ನನ್ನ ಅಜ್ಜಿಯ ಹೆಸರಿದೆ. ಗುಂಪಿನ ಮರಾಠಿ ಹುಡುಗರಿಗೆ ಕನ್ನಡ ಓದಲು ಬರುವುದಿಲ್ಲ, ಆದರೂ ನೋಡಿದ ಕೂಡಲೇ ನನ್ನದು ಅಂತ ಎತ್ತಿ ಕೊಡುತ್ತಾರೆ. ವ್ಯಾಕ್ಯೂಮ್ ಮಗ್ ಮೇಲೆ ಮಾತ್ರ ಕೊರೆಸಬೇಡಿ, ಹೊರ ತಗಡು ತೆಳು ಇರುತ್ತದೆ, ತೂತು ಬಿದ್ದರೆ ವ್ಯಾಕ್ಯೂಮ್ ಹೋಯಿತು. ಅದಕ್ಕೆ ಹಿಡಿಕೆಗೆ ಬಣ್ಣದ ದಾರ ಸುತ್ತಿ.

ಫೋಂಡಾ, ಗೋವಾದಿಂದ: ಬಿಳಿ ಮೈ, ನೀಲಿ ಅಂಚಿನ ಎನಾಮಲ್ ಮಗ್ ಎಷ್ಟು ಚಂದ! ಒಯ್ಯಬಹುದಾ?

ಉತ್ತರ: ಚಂದ ನಿಜ, ಫೋಟೋಕ್ಕೆ ಅದರಷ್ಟು ಒಪ್ಪುವುದು ಇನ್ನೊಂದಿಲ್ಲ. ಅದು ಉಕ್ಕಿನ ತಗಡಿನ ಮೇಲೆ ಗಾಜಿನ ಪುಡಿ ಹಚ್ಚಿ ಸುಮಾರು 800 ಡಿಗ್ರಿಯಲ್ಲಿ ಸುಟ್ಟದ್ದು. ಗಾಜು ಗಾಜೇ. ಕಲ್ಲಿನ ಮೇಲೆ ಬಿದ್ದರೆ ಚಕ್ಕೆ ಏಳುತ್ತದೆ, ಚಕ್ಕೆ ಎದ್ದಲ್ಲಿ ಕಪ್ಪಾಗಿ ತುಕ್ಕು ಹಿಡಿಯುತ್ತದೆ. ಹೊರಗೆ ಎದ್ದರೆ ಬಳಸಬಹುದು. ಒಳಗೆ, ಅಥವಾ ತುಟಿ ತಾಗುವ ಅಂಚಿನಲ್ಲಿ ಎದ್ದರೆ ಬೇಡ. ಕಾರಿನಲ್ಲಿ ಹೋಗುವ ಕ್ಯಾಂಪಿಗೆ ಒಯ್ಯಿರಿ. ಬೆನ್ನುಚೀಲಕ್ಕೆ ನೇತುಹಾಕಿಕೊಂಡು ಕಾರ್ವಿ ಪೊದೆಗಳ ನಡುವೆ ನಡೆಯಬೇಡಿ, ಸಿಕ್ಕಿಹಾಕಿಕೊಳ್ಳುತ್ತದೆ.

ಘಾಟ್‌ಕೋಪರ್‌ನಿಂದ: ಕಟಿಂಗ್ ಚಹಾದ ಗೆರೆಗೆರೆ ಗಾಜಿನ ಲೋಟ ಇಲ್ಲದೆ ನನಗೆ ಚಹಾ ಕುಡಿದ ಹಾಗೇ ಆಗುವುದಿಲ್ಲ.

ಉತ್ತರ: ನನಗೂ. ಆದರೆ ಒಡೆದ ಗಾಜಿನ ಮೇಲೆ ಬರಿಗಾಲಿನ ದನಗಾಹಿ ಹುಡುಗರು ನಡೆಯುತ್ತಾರೆ. ಗುಡ್ಡ ಇಳಿದ ಮೇಲೆ ಕಸಾರಾ ಸ್ಟೇಷನ್ ಹೊರಗೆ ಕುಡಿಯಿರಿ.

ಪಿಂಪ್ರಿಯಿಂದ: ನನ್ನ ಮಗ್‌ನ ಮುಚ್ಚಳ ಹೋದ ಮಳೆಗಾಲದ ಮಸಾಲೆ ಚಹಾದ ವಾಸನೆ ಬಿಡುತ್ತಲೇ ಇಲ್ಲ. ಸಾಬೂನು ಹಾಕಿ ಸಾಕಾಯಿತು.

ಉತ್ತರ: ವಾಸನೆ ಮುಚ್ಚಳದ್ದಲ್ಲ, ಅದರೊಳಗಿನ ರಬ್ಬರ್ ಉಂಗುರದ್ದು. ಬಿಚ್ಚಿ ತೊಳೆದಿದ್ದೀರಾ? ಹೆಚ್ಚಿನವರಿಗೆ ಅದು ಬಿಚ್ಚಲು ಬರುತ್ತದೆ ಅಂತಲೇ ಗೊತ್ತಿರುವುದಿಲ್ಲ. ಚಾಕು ಬೇಡ, ಕಚ್ಚು ಬಿದ್ದರೆ ಸೋರುತ್ತದೆ. ಚಮಚದ ಹಿಂಬದಿಯ ಮೊಂಡು ತುದಿ ಸಂದಿಗೆ ಕೊಟ್ಟು ಮೀಟಿದರೆ ಬಂದುಬಿಡುತ್ತದೆ. ಅದರಡಿಯಲ್ಲಿ ಒಂದು ಕಪ್ಪು ಗೆರೆ ಕಾಣುತ್ತದೆ ನೋಡಿ, ಅದೇ ನಿಮ್ಮ ಹೋದ ಮಳೆಗಾಲ. ಬಿಸಿನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಉಂಗುರ, ಮುಚ್ಚಳ ಎರಡನ್ನೂ ರಾತ್ರಿ ನೆನೆಸಿ. ಬೆಳಿಗ್ಗೆ ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಒಂದು ದಿನ ಗಾಳಿಗೆ ಒಣಗಿಸಿ. ಮಗ್ ಒಳಗಿಡುವಾಗ ಮುಚ್ಚಳ ಬಿಗಿಯಾಗಿ ಹಾಕಬೇಡಿ, ಪಕ್ಕದಲ್ಲಿಡಿ. ಇಷ್ಟಾದರೂ ಹೋಗದಿದ್ದರೆ ಉಂಗುರ ಮಾತ್ರ ಬೇರೆ ತರಿಸಿ, ಅಥವಾ ಆ ಮಗ್‌ಗೆ ಯಾವತ್ತೂ ಮಸಾಲೆ ಚಹಾವನ್ನೇ ಹಾಕಿ.